ಹಿಂದಿನ ಗಾಡಿಯ ಆಪಾ

ಮೊನ್ನೆ ನಮ್ಮ ಅಂಗಡಿ ಮುಂದೆ ಒಂದು ಉದ್ದನೆಯ ಲಾರಿ ಹೋಯಿತು. ಅದರ ಬೆನ್ನ ಮೇಲೆ ಒಂದು ಕೆಟ್ಟ ಕಾರು, ನಾಲ್ಕೂ ಚಕ್ರಕ್ಕೆ ಪಟ್ಟಿ ಬಿಗಿಸಿಕೊಂಡು, ಪಲ್ಲಕ್ಕಿಯಲ್ಲಿ ಕೂತ ಸ್ವಾಮಿಗಳ ಹಾಗೆ ಆರಾಮಾಗಿ ಕೂತಿತ್ತು. ಈಗೆಲ್ಲ ಹೀಗೇ. ಗಾಡಿ ದಾರಿಯಲ್ಲಿ ಕೆಟ್ಟರೆ ಫೋನ್ ಮಾಡಿದರಾಯಿತು, ಹೊಸಪೇಟೆ ಕಡೆಯಿಂದ ಲಾರಿ ಬರುತ್ತದೆ, ಹೇರಿಕೊಂಡು ಹೋಗುತ್ತದೆ. ಕಟ್ಟಿ ಎಳೆಯಲು ಹಗ್ಗ ಬೇಡ, ಕೆಟ್ಟ ಕಾರಿನೊಳಗೆ ಸ್ಟೇರಿಂಗ್ ಹಿಡಿದು ಕೂರುವ ಮನುಷ್ಯರೂ ಬೇಡ. ಹಗ್ಗ ಮಾರಿ ಬದುಕುವ ನನಗೆ ಇದರಿಂದ ಖುಷಿಯಾಗುತ್ತದೆಯೇ? ಹಾಳಾಗಿ ಹೋಗಲಿ ಎಂದು ಬೈದುಕೊಂಡೆ. ಅಷ್ಟರಲ್ಲಿ ಆ ಕಾರಿನ ಖಾಲಿ ಡ್ರೈವರ್ ಸೀಟು ಕಣ್ಣಿಗೆ ಬಿತ್ತು, ಆಪಾ ನೆನಪಾದರು, ಬೈಗುಳ ಅಲ್ಲಿಗೇ ನಿಂತಿತು.

ಆಪಾ ತೀರಿಕೊಂಡು ವರ್ಷವಾಗುತ್ತ ಬಂತು. ವಯಸ್ಸಾಗಿತ್ತು, ನರಳದೆ ಹೋದರು, ನಾಲ್ಕು ಜನರ ಬಾಯಲ್ಲಿ ಒಳ್ಳೆಯವರು ಅನ್ನಿಸಿಕೊಂಡು ಹೋದರು. ಅಳುತ್ತ ಬರೆದರೆ ಅವರೇ ಬೈದಾರು. ಅದಕ್ಕೆ ನಗುತ್ತಲೇ ಬರೆಯುತ್ತಿದ್ದೇನೆ.

ಕೊಟ್ಟೂರಿನಲ್ಲಿ ನನ್ನ ಹಗ್ಗದಂಗಡಿಗೂ ಅವರ ತಮ್ಮನ ಗ್ಯಾರೇಜಿಗೂ ಒಂದೇ ಗೋಡೆ. ಈ ಕಡೆ ನಾನು ದನ ಕಟ್ಟುವ ಕಣ್ಣಿ, ಬಾವಿಹಗ್ಗ, ಗೋಣಿದಾರ ಮಾರುತ್ತ ಕೂತರೆ ಆ ಕಡೆ ತಮ್ಮ ಸುತ್ತಿಗೆ ಬಡಿಯುತ್ತಿದ್ದ. ಅವನನ್ನು ಊರೆಲ್ಲ ಮೇಸ್ತ್ರಿ ಎನ್ನುತ್ತಿತ್ತು. ಗ್ಯಾರೇಜಿನ ಹಿಂದಿನ ಕೋಣೆಯಲ್ಲಿ ಆಪಾ ಹೊಲಿಗೆ ಮಷೀನು ಇಟ್ಟುಕೊಂಡು ಗಾಡಿಯ ಸೀಟುಗಳಿಗೆ ರೆಕ್ಸಿನ್ ಕವರು ಹೊಲಿಯುತ್ತಿದ್ದರು. ಅಕ್ಕನನ್ನು ತಮ್ಮ ಆಪಾ ಎಂದು ಕರೆಯುತ್ತಿದ್ದ, ಹಾಗಾಗಿ ಓಣಿಗೆಲ್ಲ ಆಪಾ. ಅವರಿಗಿಂತ ಹಿರಿಯರೂ ಹಾಗೇ ಕರೆಯುತ್ತಿದ್ದರು. ನಿಜವಾದ ಹೆಸರು ಹೇಳಿದರೆ ಓಣಿಯ ಅರ್ಧ ಜನಕ್ಕೆ ಯಾರೆಂದೇ ತಿಳಿಯಲಿಕ್ಕಿಲ್ಲ, ಅದಕ್ಕೆ ನಾನೂ ಹೇಳುವುದಿಲ್ಲ. ಗಿಡ್ಡ ಆಳು, ಚುರುಕು ಕಣ್ಣು, ಬಾಯಲ್ಲಿ ಯಾವಾಗಲೂ ಒಂದು ಲವಂಗ. ಮದುವೆಯಾಗಿರಲಿಲ್ಲ. ಯಾಕೆ ಎಂದು ಕೇಳಿದವರಿಗೆ, ಅಳತೆ ಹೊಂದಲಿಲ್ಲ ಎಂದು ಹೇಳಿ ಮಷೀನು ತುಳಿಯಲು ಶುರುಮಾಡುತ್ತಿದ್ದರು. ಮುಂದೆ ಏನು ಕೇಳಿದರೂ ಆ ಸಪ್ಪಳದಲ್ಲಿ ಕೇಳಿಸುತ್ತಿರಲಿಲ್ಲ.

ಆಗ ತೊಂಬತ್ತರ ದಶಕದ ಶುರು. ಕೂಡ್ಲಿಗಿಯಿಂದ ಹರಪನಹಳ್ಳಿವರೆಗೆ, ಈ ಕಡೆ ಹಗರಿಬೊಮ್ಮನಹಳ್ಳಿ, ಹಡಗಲಿವರೆಗೆ ಎಲ್ಲಿ ಗಾಡಿ ಕೆಟ್ಟರೂ ಮೇಸ್ತ್ರಿಗೆ ಬುಲಾವು ಬರುತ್ತಿತ್ತು. ತನ್ನ ಹಳೇ ಜೀಪಿನಲ್ಲಿ ಹೋಗುವುದು, ದಾರಿಯಲ್ಲೇ ಸರಿಯಾದರೆ ಸರಿ, ಇಲ್ಲವಾದರೆ ಜೀಪಿನ ಹಿಂದೆ ಕಟ್ಟಿ ಎಳೆದು ತರುವುದು. ಹಿಂದಿನ ಗಾಡಿಯ ಸ್ಟೇರಿಂಗಿಗೆ ಯಾರು ಸಿಕ್ಕರೆ ಅವರನ್ನು ಕೂರಿಸುತ್ತಿದ್ದ. ಒಮ್ಮೆ ಕೂಡ್ಲಿಗಿ ಹತ್ತಿರ ಕಾರಿನ ಮಾಲೀಕರ ಭಾವಮೈದುನನನ್ನು ಕೂರಿಸಿದ್ದ. ಎದುರಿಗೆ ಬಸ್ಸು ನಿಂತಿತೆಂದು ಮೇಸ್ತ್ರಿ ಜೀಪು ನಿಲ್ಲಿಸಿದ. ಭಾವಮೈದುನ ಬ್ರೇಕು ಯಾವುದು ಎಂದು ಕಾಲಲ್ಲಿ ಹುಡುಕುತ್ತಿದ್ದ. ಕಾರು ಬಂದು ಜೀಪಿನ ಬೆನ್ನಿಗೆ ಗುದ್ದಿತು. ಪುಣ್ಯಕ್ಕೆ ಯಾರಿಗೂ ಪೆಟ್ಟಾಗಲಿಲ್ಲ.

ಪೊಲೀಸರು ಬಂದರು. ಹೆಡ್ ಕಾನ್ಸ್‌ಟೇಬಲ್ಲೊಬ್ಬರು ಮೇಸ್ತ್ರಿಯನ್ನು ಬೇವಿನ ಮರದ ಕೆಳಗೆ ನಿಲ್ಲಿಸಿಕೊಂಡು ಪಾಠ ಹೇಳಿದರಂತೆ. ಎಳೆಸಿಕೊಳ್ಳುವ ಗಾಡಿಯೂ ಗಾಡಿಯೇ. ಮುಂದಿನ ಚಕ್ರಗಳನ್ನು ನೆಲದಿಂದ ಎತ್ತಿ ಕಟ್ಟಿರಬೇಕು, ಇಲ್ಲವೇ ಅದರ ಡ್ರೈವರ್ ಸೀಟಿನಲ್ಲಿ ಲೈಸೆನ್ಸ್ ಇದ್ದವರು ಕೂತಿರಬೇಕು. ನಡುವಿನ ಅಂತರ ಐದು ಮೀಟರು ದಾಟಬಾರದು, ಹಗ್ಗ ಎದ್ದು ಕಾಣಬೇಕು, ಹಿಂದೆ ಬೋರ್ಡು ಬೇಕು, ನಿಧಾನ ಹೋಗಬೇಕು, ಒಯ್ದರೆ ಹತ್ತಿರದ ಗ್ಯಾರೇಜಿಗೇ ಒಯ್ಯಬೇಕು. ಇನ್ನೊಮ್ಮೆ ಹೀಗೆ ಸಿಕ್ಕರೆ ಜೀಪು ಠಾಣೆಯಲ್ಲೇ ಉಳಿಯುತ್ತದೆ ಎಂದು ಬಿಟ್ಟು ಕಳಿಸಿದರು.

ಮೇಸ್ತ್ರಿ ವಾಪಸು ಬಂದು ತಲೆ ಮೇಲೆ ಕೈ ಹೊತ್ತು ಕೂತ. ಲೈಸೆನ್ಸ್ ಇದ್ದವರೆಲ್ಲ ಲಾರಿ, ಬಸ್ಸಿನ ಮೇಲಿದ್ದರು, ಕೆಟ್ಟ ಕಾರಿನಲ್ಲಿ ಕೂರಲು ಯಾರು ಬರುತ್ತಾರೆ? ಆಗ ಹಿಂದಿನ ಕೋಣೆಯಲ್ಲಿ ಹೊಲಿಗೆ ಮಷೀನು ನಿಂತಿತು. ಲೈಸೆನ್ಸನ್ನು ತಾವೇ ಮಾಡಿಸುವುದಾಗಿ ಆಪಾ ಹೇಳಿದರು. ತಮ್ಮ ನಕ್ಕ, ಅಡ್ಡಿ ಮಾತ್ರ ಮಾಡಲಿಲ್ಲ. ಅಡ್ಡಿ ಇದ್ದದ್ದು ಅವರ ತಾಯಿಯಿಂದ.

ಆ ತಾಯಿಯನ್ನು ಎಲ್ಲರೂ ಅಮ್ಮಿ ಎನ್ನುತ್ತಿದ್ದೆವು. ಮನೆ ಬಾಗಿಲ ಮುಂದೆ ಹೊರಸಿನ ಮೇಲೆ ಕೂತು ಇಡೀ ಓಣಿಯನ್ನು ಆಳುತ್ತಿದ್ದ ಮುದುಕಿ. ಹೆಣ್ಣುಮಗಳು ಗಾಡಿ ಓಡಿಸುವುದೇ, ಅದೂ ನಮ್ಮ ಓಣಿಯಲ್ಲಿ, ಜನ ಏನಂದಾರು ಎಂದು ಹಟ ಹಿಡಿದರು. ಜೀಪು ಠಾಣೆ ಸೇರಿದರೆ ಒಲೆ ಹೊತ್ತುವುದು ಹೇಗೆ ಎಂದು ಮಗ ಕೇಳಿದ. ಅಮ್ಮಿ ಒಂದು ರಾತ್ರಿ ಯೋಚಿಸಿ ಬೆಳಿಗ್ಗೆ ತೀರ್ಪು ಕೊಟ್ಟರು. ಅವರ ಮನೆಮಾತು ಉರ್ದು, ಆದರೆ ಓಣಿಗೆಲ್ಲ ಕೇಳಿಸಬೇಕಾದ್ದನ್ನು ಕನ್ನಡದಲ್ಲಿ ಹೇಳುತ್ತಿದ್ದರು.

"ಎಂಜಿನ್ ಬಂದ್ ಇರೋ ಗಾಡಿ ಗಾಡೀನ ಅಲ್ಲ, ಅದು ಮುಂದಿನ ಗಾಡಿ ಬಾಲ. ಬಾಲದಾಗ ನನ್ನ ಮಗಳು ಕುಂತರ ಯಾರೂ ಬಾಯಿ ಬಿಡಂಗಿಲ್ಲ. ಮುಂದ ಮಾತ್ರ ಕುಂದ್ರಂಗಿಲ್ಲ."

ಅಲ್ಲಿಗೆ ಇತ್ಯರ್ಥವಾಯಿತು. ಸರಕಾರದ ಲೆಕ್ಕದಲ್ಲಿ ಆಪಾ ಡ್ರೈವರು, ಅಮ್ಮಿಯ ಲೆಕ್ಕದಲ್ಲಿ ಸುಮ್ಮನೆ ಕೂತವರು. ಒಂದೇ ಸೀಟಿನಲ್ಲಿ ಕೂತು ಎರಡೂ ಕಡೆ ಒಳ್ಳೆಯವರಾದ ಇನ್ನೊಬ್ಬರನ್ನು ನಾನು ನೋಡಿಲ್ಲ.

ಲೈಸೆನ್ಸಿಗಾಗಿ ಮಾತ್ರ ಎಂಜಿನ್ ಇರುವ ಗಾಡಿ ಓಡಿಸಲು ಅಪ್ಪಣೆ ಸಿಕ್ಕಿತ್ತು. ರೈಲ್ವೆ ಸ್ಟೇಷನ್ನಿನ ಆಚೆ ಬಯಲಿನಲ್ಲಿ ನಸುಕಿಗೇ ಹೋಗಿ ಕಲಿತರು. ಹೊಸಪೇಟೆಯಲ್ಲಿ ಪರೀಕ್ಷೆ. ಜೀಪಿನ ಸೀಟಿನ ಮೇಲೆ ತಾವೇ ಹೊಲಿದ ದಪ್ಪ ದಿಂಬು ಹಾಕಿಕೊಂಡು ಕೂತು, ಹೇಳಿದ ಕಡೆ ತಿರುಗಿಸಿ, ಹೇಳಿದ ಕಡೆ ನಿಲ್ಲಿಸಿ ಪಾಸಾಗಿ ಬಂದರು. ಬಂದವರು ನನಗೆ ಲೈಸೆನ್ಸಿನ ವಿಷಯ ಒಂದು ಮಾತೂ ಹೇಳಲಿಲ್ಲ. ಎಂಜಿನ್ನಿನ ನಡುಕ ಅಂಗಾಲಿನಿಂದ ಮೇಲೆ ಬರುತ್ತದಲ್ಲ, ಅದನ್ನು ಹೇಳಿದರು. ಹೊಲಿಗೆ ಮಷೀನಿನಲ್ಲೂ ಅಂಥದ್ದು ಬರುತ್ತದೆ, ಆದರೆ ಕೂತಲ್ಲೇ ಇರಬೇಕು ಎಂದರು. ಅವರು ಆಸೆಪಟ್ಟಿದ್ದನ್ನು ನಾನು ಕೇಳಿದ್ದು ಒಂದೇ ಒಂದು. ಬದುಕಿನಲ್ಲಿ ಒಂದು ಸಲವಾದರೂ ಮುಂದೆ ಕೂತು, ಎಂಜಿನ್ ಹಾಕಿಕೊಂಡು, ನಮ್ಮ ಓಣಿಯೊಳಗೆ ಬರಬೇಕು. ಯಾವಾಗಲೋ ಒಮ್ಮೆ ಹಗ್ಗ ಕೊಳ್ಳುತ್ತ ಇದನ್ನು ಹೇಳಿ, ಅಮ್ಮಿಗೆ ಹೇಳಬೇಡಿ ಎಂದು ನಕ್ಕಿದ್ದರು.

ಹಗ್ಗ ಕೊಳ್ಳುವುದನ್ನು ಹೇಳಬೇಕು. ಎಳೆಯುವ ಹಗ್ಗವನ್ನು ಆಪಾ ತಾವೇ ಬಂದು ಆರಿಸುತ್ತಿದ್ದರು. ನಾನು ಹೊಸದಾಗಿ ತರಿಸಿದ ನೈಲಾನ್ ಹಗ್ಗ ತೋರಿಸಿದರೆ ಎಳೆದು ನೋಡಿ ಬಿಸಾಕುತ್ತಿದ್ದರು. ಅದು ರಬ್ಬರಿನಂತೆ ಹಿಗ್ಗಿ, ಕಡಿದರೆ ಮುಖಕ್ಕೇ ಬಡಿಯುತ್ತದೆ ಎಂದು ಅವರ ತಕರಾರು. ಮೇಸ್ತ್ರಿಗೆ ಉದ್ದ ಹಗ್ಗವೇ ಬೇಕು, ಉದ್ದವಿದ್ದರೆ ಹಿಂದಿನವರಿಗೆ ಬ್ರೇಕು ಹಾಕಲು ಜಾಗ ಸಿಗುತ್ತದೆ ಎಂದು. ಆಪಾ ಒಪ್ಪುತ್ತಿರಲಿಲ್ಲ.

"ಉದ್ದ ಬಿಟ್ಟರ ನಡುವ ಸೈಕಲ್ ಬರತಾವ, ಆಡು ಬರತಾವ, ಮದುವಿ ಮೆರವಣಿಗಿ ಬಂದ್ರೂ ಬಂದೀತು. ಕತ್ತರಿಸ್ರಿ ಸಾವ್ಕಾರ್ರ."

ನಾನು ಕತ್ತರಿಸುತ್ತಿದ್ದೆ. ಉದ್ದ ಹಗ್ಗ ಮಾರುವುದು ತಪ್ಪಿತಲ್ಲ ಎಂದು ಮುಖ ಗಂಟು ಹಾಕಿಕೊಂಡರೆ, ಅದನ್ನೂ ಗುರುತಿಸಿ ರೇಗಿಸುತ್ತಿದ್ದರು. ಹಗ್ಗಕ್ಕೆ ಮಾರಿಗೊಂದರಂತೆ ಕೆಂಪು ಬಟ್ಟೆ ಕಟ್ಟಿದರು. ಹಿಂದೆ ನೇತುಹಾಕಲು ಬಿಳೀ ರೆಕ್ಸಿನ್ನಿನ ಮೇಲೆ ಕಪ್ಪು ಅಕ್ಷರ ಕತ್ತರಿಸಿ ಹೊಲಿದು ಬೋರ್ಡು ಮಾಡಿದರು. ಕಾನೂನು ಹೇಳಿದಂತೆ ಇಂಗ್ಲಿಷಿನಲ್ಲಿ 'ಆನ್ ಟೋ' ಎಂದು ಹೊಲಿದಿದ್ದರು, ನಮ್ಮ ಕಡೆ ಅದು ಯಾರಿಗೆ ತಿಳಿಯಬೇಕು? ಹೊಸಹಳ್ಳಿ ಸಂತೆಯ ದಿನ ಒಬ್ಬ ಸೈಕಲ್ಲಿನವ ಎರಡು ಗಾಡಿಗಳ ನಡುವೆ ನುಗ್ಗಲು ಹೋಗಿ ಹಗ್ಗಕ್ಕೆ ಸಿಕ್ಕಿ ಉರುಳಿದ. ಅವನನ್ನು ಎಬ್ಬಿಸಿ ನೀರು ಕುಡಿಸಿ ಬಂದ ಆಪಾ, ಆ ರಾತ್ರಿಯೇ ಬೋರ್ಡಿನ ಕೆಳಗೆ ಇನ್ನೊಂದು ಸಾಲು ಹೊಲಿದರು: 'ಹಗ್ಗ ಐತಿ, ನಡುವ ಬರಬ್ಯಾಡ್ರಿ'. ಆಮೇಲೆ ಜನ ಅದನ್ನು ಓದಿ ನಗುತ್ತ ದಾರಿ ಬಿಡುತ್ತಿದ್ದರು.

ಅವರು ಹಿಂದಿನ ಗಾಡಿಯಲ್ಲಿ ಕೂರುವ ರೀತಿಯೇ ಬೇರೆ. ಮೊದಲು ದಿಂಬು ಹಾಕಿಕೊಳ್ಳುವುದು. ಗೇರು ನ್ಯೂಟ್ರಲ್ಲಿಗೆ ತಂದು ಅಲುಗಾಡಿಸಿ ನೋಡುವುದು. ಕೀ ತೆಗೆದರೆ ಸ್ಟೇರಿಂಗ್ ಬಿಗಿದುಕೊಳ್ಳುತ್ತದೆ ಎಂದು ಮಾಲೀಕರ ಕೈಯಿಂದ ಕೀ ಇಸಿದುಕೊಂಡು ಹಾಕಿಯೇ ಇಡುವುದು. ಎಂಜಿನ್ ಇಲ್ಲದಾಗ ಬ್ರೇಕು ಕಲ್ಲಿನಂತಾಗುತ್ತದೆ, ಅದನ್ನು ತುಳಿದು ಅಳೆದುಕೊಳ್ಳುವುದು. ಒಂದು ಹಾರನ್ ಅಂದರೆ ನಿಲ್ಲು, ಎರಡು ಅಂದರೆ ಹೊರಡು, ಅಕ್ಕ ತಮ್ಮನ ನಡುವೆ ಅಷ್ಟೇ ಮಾತು. ಮೇಸ್ತ್ರಿ ಸ್ವಲ್ಪ ಜೋರು ಬಿಟ್ಟನೋ, ಹಿಂದಿನಿಂದ ಉದ್ದನೆಯ ಹಾರನ್ ಬರುತ್ತಿತ್ತು. ಅದರ ಅರ್ಥ ನಿಲ್ಲು ಎಂದೂ ಅಲ್ಲ, ಹೊರಡು ಎಂದೂ ಅಲ್ಲ, ಬರೀ ಬೈಗುಳ.

ಗಾಡಿಯ ಗಂಡಸರನ್ನು ತಮ್ಮನ ಜೀಪಿಗೆ ಕಳಿಸಿ, ಹೆಂಗಸರನ್ನು ತಮ್ಮ ಜೊತೆ ಕೂರಿಸಿಕೊಳ್ಳುತ್ತಿದ್ದರು. ಎತ್ತಿನ ಬಂಡಿಗಿಂತ ತುಸು ಜೋರು ಹೋಗುವ ಗಾಡಿ, ಎಂಜಿನ್ ಸಪ್ಪಳವಿಲ್ಲ, ಗಂಡಂದಿರು ಐದು ಮೀಟರು ದೂರ. ಹೆಂಗಸರು ಮನೆಯ ಸಂಗತಿಯನ್ನೆಲ್ಲ ಬಿಚ್ಚಿಡುತ್ತಿದ್ದರು. ಹಡಗಲಿಯ ಯಾವ ಸೊಸೆಗೆ ತವರಿನ ನೆನಪು, ಹಗರಿಬೊಮ್ಮನಹಳ್ಳಿಯ ಯಾವ ಅತ್ತೆಗೆ ಮಂಡಿನೋವು, ಎಲ್ಲ ಆಪಾಗೆ ಗೊತ್ತು, ಆದರೆ ಒಂದೂ ಆಚೆ ಹೋಗುತ್ತಿರಲಿಲ್ಲ. ಇಳಿಯುವಾಗ ಮಾತ್ರ, ನಿಮ್ಮ ಹಿಂದಿನ ಸೀಟು ಹರಿದಿದೆ ನೋಡಿಕೊಳ್ಳಿ ಎನ್ನುತ್ತಿದ್ದರು. ಗಾಡಿ ರಿಪೇರಿಯಾಗಿ ಹೋಗುವಾಗ ಹೊಸ ಸೀಟ್ ಕವರು ಹಾಕಿಸಿಕೊಂಡೇ ಹೋಗುತ್ತಿತ್ತು. ಆಪಾ ನನಗಿಂತ ಒಳ್ಳೆಯ ವ್ಯಾಪಾರಿ.

ಪೊಲೀಸರಿಗೂ ಅವರೆಂದರೆ ಒಂಥರಾ ಸಲುಗೆ. ಒಮ್ಮೆ ಹರಪನಹಳ್ಳಿ ದಾಟುವಾಗ ಒಬ್ಬ ಪೇದೆ ಕೈ ಅಡ್ಡ ಹಿಡಿದ. ಲೈಸೆನ್ಸು, ಬೋರ್ಡು, ಹಗ್ಗ ಎಲ್ಲ ಸರಿ ಇತ್ತು. ತಪ್ಪು ಸಿಗಲಿಲ್ಲವೆಂದು ಅವನಿಗೆ ಬೇಜಾರಾಗಿರಬೇಕು, ಹತ್ತಿರದ ಗ್ಯಾರೇಜಿಗೇ ಒಯ್ಯಬೇಕು ಎಂದಿದೆ, ನಮ್ಮೂರಲ್ಲಿ ಗ್ಯಾರೇಜು ಇಲ್ಲವೇ ಎಂದು ಕೇಳಿದ. ಇವೆ ಸಾಹೇಬರೇ, ಆದರೆ ಇವತ್ತು ಶುಕ್ರವಾರ, ಎಲ್ಲರೂ ನಮಾಜಿಗೆ ಹೋಗಿದ್ದಾರೆ, ತೆರೆದಿರುವ ಹತ್ತಿರದ ಗ್ಯಾರೇಜು ಕೊಟ್ಟೂರಿನ ನಮ್ಮದೇ ಎಂದರು ಆಪಾ. ನಿಮ್ಮ ತಮ್ಮನಿಗೆ ನಮಾಜು ಇಲ್ಲವೇ ಎಂದು ಅವನು ಬಿಡಲಿಲ್ಲ. ಅದಕ್ಕೇ ನಾನೂ ಅವನಿಗೆ ಬೈಯುತ್ತಿದ್ದೇನೆ, ನೀವೂ ಸ್ವಲ್ಪ ಬೈದು ಹೇಳಿ ಎಂದರಂತೆ. ಪೇದೆ ನಕ್ಕು ಬಿಟ್ಟುಕೊಟ್ಟ. ಮೇಸ್ತ್ರಿ ಮಾತ್ರ ವಾರಗಟ್ಟಲೆ ಸಿಟ್ಟಾಗಿದ್ದ.

ಹೀಗೇ ವರ್ಷಗಳು ಹೋದವು. ಆಪಾನ ಕೂದಲು ಬೆಳ್ಳಗಾಯಿತು, ಬೋರ್ಡಿನ ರೆಕ್ಸಿನ್ ಹಳದಿಯಾಯಿತು, ಅಮ್ಮಿಯ ತೀರ್ಪು ಮಾತ್ರ ಇದ್ದಲ್ಲೇ ಇತ್ತು. ಅಷ್ಟರಲ್ಲಿ ನನಗೆ ಕಾರಿನ ಹುಚ್ಚು ಹಿಡಿಯಿತು.

ಹಾಲಿನ ಬಣ್ಣದ ಹಳೇ ಕಾರು. ನಾನು ಹೊಸದಾಗಿ ಲೈಸೆನ್ಸು ಮಾಡಿಸಿದ್ದೆ, ಮೀಸೆ ತಿರುವುವುದೊಂದು ಬಾಕಿ. ಹರಪನಹಳ್ಳಿಯಲ್ಲಿ ನಮ್ಮ ಬೀಗರ ಮನೆಯ ತೊಟ್ಟಿಲು ಕಾರ್ಯ ಮುಗಿಸಿಕೊಂಡು ನಾನೂ ನನ್ನಾಕೆಯೂ ವಾಪಸು ಬರುತ್ತಿದ್ದಾಗ, ಚಿಗಟೇರಿ ದಾಟಿದ ಮೇಲೆ ಕಾರು ಕೆಮ್ಮಿ, ಗೊರಗೊರ ಎಂದು ನಿಂತೇ ಹೋಯಿತು. ಕೊಟ್ಟೂರಿನ ಕಡೆ ಹೋಗುವ ಬಸ್ಸಿನ ಕಂಡಕ್ಟರಿಗೆ ಹೇಳಿ ಕಳಿಸಿದೆ. ಮಧ್ಯಾಹ್ನ ಇಳಿಯುವ ಹೊತ್ತಿಗೆ ಜೀಪು ಬಂತು. ಮೇಸ್ತ್ರಿ ಬಾನೆಟ್ಟು ಎತ್ತಿ ಒಳಗೆ ತಲೆ ಹಾಕಿದ. ಆಪಾ ನನ್ನಾಕೆಗೆ ಚಾ ಫ್ಲಾಸ್ಕು ಕೊಟ್ಟು, ಹಗ್ಗ ಇಳಿಸಿ ಕಟ್ಟಲು ಶುರುಮಾಡಿದರು. ಕಾರಿನ ಕೆಮ್ಮು ಕೇಳಿಯೇ ಇದು ದಾರಿಯಲ್ಲಿ ಆಗುವ ಕೆಲಸವಲ್ಲ ಎಂದು ಅವರಿಗೆ ಗೊತ್ತಾಗಿತ್ತು. ಮೇಸ್ತ್ರಿಗೆ ಹಟ. ಯಾವುದೋ ಬಿಗಿದ ನಟ್ಟನ್ನು ಮೈಯೆಲ್ಲ ಭಾರ ಹಾಕಿ ತಿರುಗಿಸಿದ, ಪಾನಾ ಜಾರಿತು, ಬಲಗೈ ಮಣಿಕಟ್ಟು ಹೋಗಿ ಕಬ್ಬಿಣಕ್ಕೆ ಬಡಿಯಿತು. ನೋಡನೋಡುತ್ತಿದ್ದಂತೆ ಊದಿಕೊಂಡಿತು. ಮುರಿದಿರಲಿಲ್ಲ, ಆದರೆ ಬೆರಳು ಮಡಚಲು ಬರುತ್ತಿರಲಿಲ್ಲ.

ಆಪಾ ಒದ್ದೆ ಬಟ್ಟೆ ಸುತ್ತಿ ಕಟ್ಟಿದರು. ಈಗ ಜೀಪು ಯಾರು ಓಡಿಸಬೇಕು? ನನಗೆ ಅನುಮಾನವೇ ಇರಲಿಲ್ಲ. ಗಂಡಸು, ಲೈಸೆನ್ಸು ಇದೆ, ಕಾರಿನ ಮಾಲೀಕ. ಅಂಗಿಯ ತೋಳು ಮಡಚಿಕೊಂಡು ಜೀಪಿನ ಹತ್ತಿರ ಹೋದೆ. ಆಪಾ ಎಂದಿನಂತೆ ದಿಂಬು ಬಗಲಲ್ಲಿಟ್ಟುಕೊಂಡು ಹಿಂದಿನ ಕಾರಿನ ಕಡೆ ನಡೆದಿದ್ದರು. ಮೇಸ್ತ್ರಿ ನನ್ನನ್ನು ನೋಡಿದ, ಅಕ್ಕನನ್ನು ನೋಡಿದ. ಎಡಗೈಯಲ್ಲಿ ಜೀಪಿನ ಕೀ ತೆಗೆದ.

"ಸಾವ್ಕಾರ್ರ, ತಪ್ಪು ತಿಳಿಬ್ಯಾಡ್ರಿ. ನೀವು ಕ್ಲಚ್ ಬಿಡೋ ರೀತಿ ನಾ ನೋಡೀನಿ. ಹಗ್ಗ ನಿಮ್ಮ ಅಂಗಡೀದ ಆದ್ರೂ ಕಡೀತೈತಿ. ಆಪಾ, ನೀ ಮುಂದ ಕುಂದ್ರು."

ನನ್ನಾಕೆ ಸೆರಗು ಬಾಯಿಗೆ ಹಿಡಿದು ನಕ್ಕಳು. ಆಪಾ ನಗಲಿಲ್ಲ. ಕೀ ಕಡೆ ನೋಡಿ, ಅಮ್ಮಿಗೆ ಏನು ಹೇಳುತ್ತೀ ಎಂದು ಕೇಳಿದರು. ಮೊದಲು ಊರು ಮುಟ್ಟೋಣ ಎಂದ ಮೇಸ್ತ್ರಿ. ಆಪಾ ಕೀ ಇಸಿದುಕೊಂಡರು. ದಿಂಬು ಮುಂದಿನ ಗಾಡಿಗೆ ಹೋಯಿತು. ನನ್ನಾಕೆಯೂ ಗಂಡನನ್ನು ಬಿಟ್ಟು ಆಪಾನ ಜೀಪು ಹತ್ತಿದಳು. ಹಿಂದಿನ ಕಾರಿನಲ್ಲಿ ನಾನೊಬ್ಬನೇ.

ಅಬ್ಬಾ, ಆ ಸೀಟು! ಸ್ಟೇರಿಂಗ್ ತಿರುಗಿಸಲು ಎರಡು ರಟ್ಟೆಯ ಬಲ ಬೇಕು, ಬ್ರೇಕು ತುಳಿದರೆ ತೊಡೆ ನಡುಗುತ್ತದೆ. ಕಣ್ಣು ಹಗ್ಗ ಬಿಟ್ಟು ಆಚೀಚೆ ಹೋಗುವಂತಿಲ್ಲ. ಜೋತರೆ ಮುಂದೆ ಜಗ್ಗಾಟ, ಬಿಗಿದರೆ ನೆಮ್ಮದಿ. ಇಳಿಜಾರಿನಲ್ಲಿ ಕಾರು ತಾನಾಗಿಯೇ ಜೀಪಿನ ಮೇಲೆ ಹೋಗಲು ನೋಡುತ್ತದೆ, ಆಗ ಎರಡೂ ಗಾಡಿಗೆ ಹಿಂದಿನವನೇ ಬ್ರೇಕು. ನಾನು ಒಮ್ಮೆ ಮೈಮರೆತು ಹಗ್ಗ ಜೋತುಬಿಟ್ಟೆ. ಜೀಪಿನ ಬಲಗಡೆಯಿಂದ ಒಂದು ಬಳೆ ಹಾಕಿದ ಕೈ ಹೊರಗೆ ಬಂದು, ಮೆಲ್ಲಗೆ, ಮೆಲ್ಲಗೆ ಎಂದು ಗಾಳಿಯನ್ನು ಒತ್ತಿತು. ಕುರಿ ಹಿಂಡು ಅಡ್ಡ ಬಂದಾಗ ಒಂದು ಹಾರನ್ ಕೇಳಿಸಿತು, ನಾನು ಹಗ್ಗ ಬಿಗಿಯಾಗಿಯೇ ಇರುವಂತೆ ಕಾರು ನಿಲ್ಲಿಸಿದೆ. ಆಗ ಅದೇ ಕೈ ಹೊರಬಂದು ಶಹಬ್ಬಾಸ್ ಎನ್ನುವಂತೆ ಆಡಿತು. ಐವತ್ತರ ಸನಿಹದಲ್ಲಿದ್ದ ನನಗೆ ಪರೀಕ್ಷೆ ಪಾಸಾದಷ್ಟು ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ.

ಅವರು ಹೊರಟದ್ದು, ನಿಂತದ್ದು ಒಮ್ಮೆಯೂ ನನಗೆ ಜಗ್ಗಿದಂತೆ ಆಗಲಿಲ್ಲ. ಹಿಂದೆ ಕೂತವರ ಕಷ್ಟ ಗೊತ್ತಿದ್ದವರು ಮುಂದೆ ಕೂತಿದ್ದರು.

ಕೊಟ್ಟೂರು ಬಂತು. ನಮ್ಮ ಓಣಿಗೆ ತಿರುಗುವ ಮೂಲೆಯಲ್ಲಿ ಒಂದು ಹಾರನ್ ಆಯಿತು. ನಿಲ್ಲಿಸಿದೆ. ಜೀಪಿನಲ್ಲಿ ಆಗ ನಡೆದ ಮಾತನ್ನು ನನ್ನಾಕೆ ಆಮೇಲೆ ಹೇಳಿದಳು. ಇಲ್ಲಿಂದ ಅಮ್ಮಿಗೆ ಕಾಣುವುದಿಲ್ಲ, ಬೇಕಾದರೆ ಇಲ್ಲೇ ಇಳಿದುಬಿಡು, ಇನ್ನು ಹತ್ತು ಹೆಜ್ಜೆ ಸಾವ್ಕಾರ್ರು ಜೀಪು ಒಯ್ಯುತ್ತಾರೆ, ನೀನು ಹಿಂದೆ ಕೂತುಕೋ ಎಂದನಂತೆ ಮೇಸ್ತ್ರಿ. ಆಪಾ ತಲೆಯ ಮೇಲೆ ಸೆರಗು ಸರಿಮಾಡಿಕೊಂಡರು, ಬಾಯಿಗೆ ಒಂದು ಲವಂಗ ಹಾಕಿಕೊಂಡರು. ನನಗೆ ಕೇಳಿಸಿದ್ದು ಎರಡು ಹಾರನ್.

ಓಣಿಯಲ್ಲಿ ಅವತ್ತು ಎಲ್ಲರೂ ಹೊರಗೇ ಇದ್ದರು. ಜೋಳ ಹಸನು ಮಾಡುತ್ತಿದ್ದವರು ಮೊರ ಹಿಡಿದುಕೊಂಡೇ ನೋಡಿದರು. ಅಮ್ಮಿ ಹೊರಸಿನ ಮೇಲೆ ಕೂತಿದ್ದರು. ಜೀಪು ಅವರ ಮುಂದೆ ಬಂದು ನಿಂತಿತು. ನನ್ನ ಕಾಲು ಬ್ರೇಕಿನ ಮೇಲೇ ಇತ್ತು. ಮುದುಕಿ ಮಗಳನ್ನು ನೋಡಿದರು, ಮಗನ ಕೈಗೆ ಸುತ್ತಿದ ಬಟ್ಟೆ ನೋಡಿದರು, ಹಗ್ಗದ ಉದ್ದಕ್ಕೂ ಕಣ್ಣು ಹಾಯಿಸುತ್ತ ನನ್ನವರೆಗೆ ಬಂದರು. ಓಣಿಗೆಲ್ಲ ಕೇಳಿಸುವಂತೆ ಕನ್ನಡದಲ್ಲಿ ಕೇಳಿದರು.

"ಹಿಂದಿನ ಗಾಡ್ಯಾಗ ಯಾರದಾರ?"

"ಹಗ್ಗದಂಗಡಿ ಸಾವ್ಕಾರ್ರು, ಅಮ್ಮಿ," ಎಂದ ಮೇಸ್ತ್ರಿ, ತಲೆ ತಗ್ಗಿಸಿಕೊಂಡು.

"ಅವರತ್ರ ಲೈಸೆನ್ಸ್ ಐತೇನು?"

ಬಾಲದಲ್ಲಿ ಕೂತವನಿಗೆ ಲೈಸೆನ್ಸು ಯಾಕಮ್ಮಾ ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಇಳಿದು ಹೋಗಿ, ಜೇಬಿನಿಂದ ತೆಗೆದು ತೋರಿಸಿದೆ. ಅಮ್ಮಿಗೆ ಓದಲು ಬರುತ್ತಿರಲಿಲ್ಲ. ಫೋಟೋ ನೋಡಿ, ನನ್ನ ಮುಖ ನೋಡಿ, ಅದನ್ನು ನನ್ನ ಕೈಗೆ ವಾಪಸು ಕೊಟ್ಟರು. ಹಾಗಾದರೆ ಸರಿ ಎನ್ನುವಂತೆ ತಲೆ ಆಡಿಸಿ, ಎಲ್ಲರೂ ಕೈಕಾಲು ತೊಳೆದುಕೊಂಡು ಬನ್ನಿ, ಚಾ ಕುಡಿಯಿರಿ ಎಂದು ಎದ್ದು ಒಳಗೆ ಹೋದರು.

ನನ್ನಾಕೆ ಇಳಿದಳು, ಮೇಸ್ತ್ರಿ ಇಳಿದ. ಆಪಾ ಮಾತ್ರ ಸ್ಟೇರಿಂಗ್ ಮೇಲೆ ಎರಡೂ ಕೈ ಇಟ್ಟುಕೊಂಡು ಕೂತೇ ಇದ್ದರು. ಜೀಪು ಗುಡುಗುಡು ಎನ್ನುತ್ತಿತ್ತು, ಅವರ ಬಳೆಗಳು ಸಣ್ಣಗೆ ನಡುಗುತ್ತಿದ್ದವು.

"ಬಂದ್ ಮಾಡು ಆಪಾ, ಸುಮ್ನ ಡೀಸೆಲ್ ಸುಡತೈತಿ," ಎಂದ ತಮ್ಮ.

"ಸುಡಲಿ ಬಿಡೋ," ಎಂದರು ಆಪಾ. "ಇನ್ನೊಂದು ಸ್ವಲ್ಪ ಹೊತ್ತು."